ಎಂಟು ಮಂದಿ ಕೂತು ಆರಿಸಿದ ಟೈರು

ಮಸ್ಕಿಯ ಗದ್ದೆಪ್ಪನದು ನಾಲ್ಕೂ ಗಾಲಿ ಎಳೆಯುವ ಹಳೇ ಜೀಪು. ನಾಟಿಯ ದಿನಗಳಲ್ಲಿ ನಾವು ಎಂಟು ಹೆಂಗಸರು ಅದರಲ್ಲೇ ಸಿಂಧನೂರಿನ ಆಚೆಗಿರುವ ಆರ್.ಎಚ್. ಕ್ಯಾಂಪ್ ಎಂಬ ಊರಿನ ಗದ್ದೆಗಳಿಗೆ ಹೋಗುತ್ತೇವೆ. ಕಾಲುವೆ ಪಕ್ಕದ ಎರೆಮಣ್ಣಿನ ದಾರಿಯಲ್ಲಿ ಜೀಪು ಹೂತರೆ ನಾವೇ ಇಳಿದು ನೂಕಬೇಕು, ಅರ್ಧ ದಿನದ ಕೆಲಸ ಹಾಳು.

ಹೋದ ವಾರ ಒಂದು ದಿನ ನಾಟಿ ಮುಗಿಸಿ ಬರುವಾಗ ಗದ್ದೆಪ್ಪ ಕೆಸರಲ್ಲಿ ಹೂಳದ ಟೈರು ಹಾಕಿಸಲು ಸಿಂಧನೂರಿನ ಟೈರ್ ಅಂಗಡಿಯ ಮುಂದೆ ಜೀಪು ನಿಲ್ಲಿಸಿದ. ಅಂಗಡಿಯವನು ಎಲ್ಲಕ್ಕಿಂತ ದೊಡ್ಡ ಟೈರುಗಳನ್ನು ಹೊರಕ್ಕೆ ಚಾಚುವ ರಿಮ್ಮಿಗೆ ಏರಿಸಿ ಮುಂದಿನ ಗಾಲಿಗಳಿಗೆ ಜೋಡಿಸಿದ. ಆದರೆ ಗದ್ದೆಪ್ಪ ಕಣ್ಣಿಗೆ ಚೆಂದ ಕಂಡಿತೆಂದು ಏನನ್ನೂ ಕೊಳ್ಳುವವನಲ್ಲ. ನಮ್ಮನ್ನೆಲ್ಲ ಹತ್ತಿಸಿ ಸ್ಟೇರಿಂಗ್ ಪೂರ್ತಿ ತಿರುಗಿಸಿದ. ಟೈರು ಮಡ್ಗಾರ್ಡಿಗೆ ಉಜ್ಜುವ ಸದ್ದು ಕೇಳಿತು.

“ಗಾಡಿ ಖಾಲಿ ಇದ್ರ ಉಜ್ಜಂಗಿಲ್ರೀ,” ಎಂದ ಅಂಗಡಿಯವನು.

“ಖಾಲಿ ಗಾಡಿ ಒಯ್ದು ನಾನೊಬ್ಬನ ನಾಟಿ ಮಾಡ್ಲೇನ್ರೀ?” ಎಂದ ಗದ್ದೆಪ್ಪ.

“ಲೇ ಗದ್ದೆಪ್ಪ, ನಮ್ಮನ್ನ ತೂಕದ ಕಲ್ಲು ಮಾಡಿದಿ ನೋಡು,” ಎಂದು ನಮ್ಮ ಜೊತೆಯ ಶಿವಲಿಂಗಮ್ಮ ನಕ್ಕಳು.

ಆಮೇಲೆ ಒಂದು ಅಳತೆ ಚಿಕ್ಕ ಟೈರು, ಎರಡೇ ಬೆರಳು ಹೊರಗೆ ಚಾಚುವ ರಿಮ್ಮು ಬಂದವು. ಈ ಸಲ ಸದ್ದಿಲ್ಲ. ಗದ್ದೆಪ್ಪ ಟೈರಿಗೂ ಮಡ್ಗಾರ್ಡಿಗೂ ನಡುವೆ ಅಂಗೈ ತೂರಿಸಿ ನೋಡಿದ.

“ಎರಿ ಮಣ್ಣು ಮೆತ್ತಿದ್ರೂ ಗಾಲಿ ತಿರುಗಬೇಕ್ ನೋಡ್ರಿ. ನಾಲ್ಕಕ್ಕೂ ಇವನ್ನ ಹಾಕ್ರಿ,” ಎಂದ.

ರಾತ್ರಿ ಮಳೆಯಾಗಿ ಮರುದಿನ ದಾರಿ ಅಂಟಂಟಾಗಿತ್ತು. ಮಣ್ಣು ಮೆತ್ತುತ್ತಲೇ ಇತ್ತು, ಗಾಲಿ ತಿರುಗುತ್ತಲೇ ಇತ್ತು. ಯಾರೂ ನೂಕದೆ ಗದ್ದೆ ಮುಟ್ಟಿದೆವು. ಒಣಸೀರೆಯಲ್ಲೇ ಇಳಿದು, ಸೆರಗು ಸಿಕ್ಕಿಸಿ, ಹೊತ್ತಿಗೆ ಸರಿಯಾಗಿ ನೀರಿಗೆ ಕಾಲಿಟ್ಟೆವು.