ಅತ್ತಿಗೆ ನಾದಿನಿಯರ ತುಟಿಮಾತು

ನನ್ನ ಅತ್ತೆಗೆ ಗುಟ್ಟು ಹೇಳಲು ಬರುವುದಿಲ್ಲ. ಮನಸ್ಸಿನಲ್ಲಿಟ್ಟುಕೊಳ್ಳಲು ಬರುತ್ತದೆ, ಅದರಲ್ಲಿ ಅವರನ್ನು ಮೀರಿಸುವವರೇ ಇಲ್ಲ. ಮೆಲ್ಲಗೆ ಹೇಳಲು ಮಾತ್ರ ಬರುವುದಿಲ್ಲ. ಆಯಸ್ಸಿನ ಬಹುಪಾಲನ್ನು ಬಟ್ಟೆ ಗಿರಣಿಯ ಮಗ್ಗಗಳ ನಡುವೆ ನಿಂತು ಕಳೆದವರು ಅವರು. ಕಿವಿಯನ್ನು ಅಲ್ಲೇ ಬಿಟ್ಟು ಬಂದರು. ತಮ್ಮ ದನಿ ತಮಗೇ ಸರಿಯಾಗಿ ಕೇಳಿಸದ ಮೇಲೆ ಅದು ಎಷ್ಟು ಏರಿದೆ ಎನ್ನುವ ಅಂದಾಜು ಸಿಗುವುದಾದರೂ ಹೇಗೆ? ಒಮ್ಮೆ ನನ್ನನ್ನು ಹತ್ತಿರ ಕರೆದು "ಇದನ್ನ ಯಾರಿಗೂ ಹೇಳ್ಬೇಡ" ಎಂದು ಹೇಳಿದ್ದು ಎದುರುಮನೆಯವರಿಗೂ ಕೇಳಿಸಿತು. ಅವರು ಒಳ್ಳೆಯವರು, ಇವತ್ತಿಗೂ ಯಾರಿಗೂ ಹೇಳಿಲ್ಲ.

ಕಿವಿಗೆ ಹಾಕಿಕೊಳ್ಳುವ ಯಂತ್ರ ತಂದುಕೊಟ್ಟೆವು. ಎರಡು ದಿನ ಹಾಕಿಕೊಂಡು, "ತಲೆಯೊಳಗೆ ಯಾರೋ ಪಾತ್ರೆ ತೊಳೀತಿದ್ದಾರೆ" ಎಂದು ಬೈದು, ಡಬ್ಬಿಯ ಸಮೇತ ಬೀರುವಿಗೆ ಸೇರಿಸಿದರು.

ಅತ್ತೆಗೆ ಇನ್ನೊಂದು ಭಾಷೆ ಗೊತ್ತಿದೆ. ಗಿರಣಿಯಲ್ಲಿ ಸಾಲುಸಾಲು ಮಗ್ಗಗಳು ಒಟ್ಟಿಗೆ ಬಡಿಯುವಾಗ ಪಕ್ಕದವರು ಕಿರುಚಿದರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿನ ಹೆಂಗಸರು ಸದ್ದೇ ಮಾಡದೆ ಮಾತಾಡುತ್ತಿದ್ದರು. ತುಟಿಯನ್ನು ಅಗಲವಾಗಿ, ಒಂದೊಂದು ಅಕ್ಷರಕ್ಕೂ ಸರಿಯಾಗಿ ಆಡಿಸುವುದು, ಬೇಕಾದ ಕಡೆ ಕೈ ಸೇರಿಸುವುದು. ಅದಕ್ಕೆ ಅವರಿಟ್ಟ ಹೆಸರು ತುಟಿಮಾತು. ಮೇಸ್ತ್ರಿ ಬೆನ್ನು ತಿರುಗಿಸಿದ ಕೂಡಲೇ ಈ ಗೋಡೆಯಿಂದ ಆ ಗೋಡೆಗೆ ಯಾರ ಮನೆಯಲ್ಲಿ ಏನು ಅಡುಗೆ, ಯಾರ ಗಂಡ ಮುನಿಸಿಕೊಂಡಿದ್ದಾನೆ ಎಲ್ಲವೂ ಹೋಗಿ ಮುಟ್ಟುತ್ತಿತ್ತಂತೆ. ಆ ಮೇಸ್ತ್ರಿ ಪಾಪ, ತನ್ನ ಕೈಕೆಳಗಿನ ಹೆಂಗಸರು ಮೌನವಾಗಿ ಕೆಲಸ ಮಾಡುತ್ತಾರೆಂದು ಕೊನೆಯವರೆಗೂ ನಂಬಿದ್ದರು.

ಅತ್ತೆಯ ಪಕ್ಕದ ಮಗ್ಗ ಚಿಕ್ಕತ್ತೆಯದು. ಚಿಕ್ಕತ್ತೆ ಎಂದರೆ ನನ್ನ ಮಾವನ ತಂಗಿ, ಅತ್ತೆಗೆ ನಾದಿನಿ. ಅವರನ್ನು ಕೆಲಸಕ್ಕೆ ಸೇರಿಸಿ, ಕಡಿದ ಎಳೆ ಕಟ್ಟುವುದನ್ನು ಕಲಿಸಿದ್ದೂ ಅತ್ತೆಯೇ. ಗಿರಣಿಯ ಹಿಂದಿನ ಕಿಟಕಿಯಿಂದ ದೂರದ ಬೆಟ್ಟ ಕಾಣುತ್ತಿತ್ತು, ಮಳೆ ಚೆನ್ನಾಗಿ ಆದ ವರ್ಷ ಅದರ ಮೈಮೇಲೆ ಸಣ್ಣ ಬಿಳಿ ಗೆರೆಯೂ. ಅದು ಜಲಪಾತ. ಅದಕ್ಕೊಂದು ಸನ್ನೆಯೂ ಇತ್ತು. ಅಂಗೈಯನ್ನು ಹಣೆಯಿಂದ ಸೊಂಟದವರೆಗೆ ಇಳಿಸುತ್ತಾ ಬೆರಳುಗಳನ್ನು ಅಲುಗಿಸಬೇಕು. ಮುಂದಿನ ರಜಕ್ಕೆ ಹೋಗೋಣ ಎಂದು ಇವರು ಆ ಸನ್ನೆ ಮಾಡುವುದು, ಹೂಂ ಎಂದು ಅವರು ತಲೆಯಾಡಿಸುವುದು. ರಜ ಬಂದರೆ ಬಟ್ಟೆ ಒಗೆಯುವುದು, ಮಕ್ಕಳಿಗೆ ಜ್ವರ, ಇಲ್ಲವೇ ಹೆಚ್ಚಿನ ಪಾಳಿ. ಒಂದು ದಿನ ಗಿರಣಿಯೇ ಮುಚ್ಚಿತು. ಮಗ್ಗಗಳನ್ನು ಬಿಚ್ಚಿ ಲಾರಿಗೆ ತುಂಬುವುದನ್ನು ಇಬ್ಬರೂ ಗೇಟಿನಲ್ಲಿ ನಿಂತು ನೋಡಿದರಂತೆ.

ಆಮೇಲೆ ಮಾವ ತೀರಿಕೊಂಡರು. ಹೃದಯಾಘಾತ. ಬೆಳಿಗ್ಗೆ ಇದ್ದವರು ಮಧ್ಯಾಹ್ನಕ್ಕಿಲ್ಲ. ಅವತ್ತಿನಿಂದ ಅತ್ತೆ ಚಿಕ್ಕತ್ತೆಯ ಜೊತೆ ಮಾತು ಬಿಟ್ಟರು. ಜಗಳವಿಲ್ಲ, ಕೂಗಾಟವಿಲ್ಲ, ನಮಗೆ ತಿಳಿದ ಕಾರಣವೂ ಇಲ್ಲ. ಆಮೇಲಿನ ವರ್ಷಗಳಲ್ಲಿ ಚಿಕ್ಕತ್ತೆ ಹಲವು ಸಲ ಮನೆಗೆ ಬಂದು ಎದುರಿಗೆ ಕೂತರು. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. ನಾವು ಮುಖ ತಿರುಗಿಸಿದರೂ ಕಿವಿ ತೆರೆದೇ ಇರುತ್ತದೆ, ಎದುರಿನವರು ಏನಾದರೂ ಹೇಳಿ ಒಲಿಸಿಕೊಳ್ಳಬಹುದು. ಅತ್ತೆ ಮುಖ ತಿರುಗಿಸಿದರೆ ಅಲ್ಲಿಗೆ ಮುಗಿಯಿತು. "ನಾನೇನು ಮಾಡ್ದೆ ಅಂತನಾದ್ರೂ ಕೇಳಿ ಹೇಳಮ್ಮ" ಎಂದು ಚಿಕ್ಕತ್ತೆ ನನ್ನ ಹತ್ತಿರ ಅತ್ತು ಹೋದರು. ನಾನು ಕೇಳಿದೆ. "ಏನಿಲ್ಲ ಬಿಡು" ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಹೇಳಿದರು.

ಬಿಡುವುದು ಹೇಗೆ? ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ಮನೆಯಲ್ಲಿ ಅತ್ತೆಯ ಜೊತೆ ನೆಟ್ಟಗೆ ಮಾತಾಡಬಲ್ಲವರು ಒಬ್ಬರೂ ಇಲ್ಲ. ನಾನು ಬಸ್ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತು ಟಿಕೆಟ್ ಕೊಡುವವಳು. ನನ್ನ ಮಾತಿನ ವೇಗಕ್ಕೆ ಕಿವಿ ಇದ್ದವರೇ ಕಂಗಾಲಾಗುತ್ತಾರೆ. ನನ್ನ ಗಂಡನ ತುಟಿಯಂತೂ ಮೀಸೆಯ ಕೆಳಗೆ ಎಲ್ಲೋ ಇದೆ, ಮದುವೆಯಾದವಳು ನಾನೇ ಸರಿಯಾಗಿ ಕಂಡಿಲ್ಲ. ಅವರು ಏನು ಹೇಳಿದರೂ ಅತ್ತೆ "ಹೂಂ" ಎನ್ನುತ್ತಿದ್ದರು. ಮೊದಮೊದಲು "ಏನು, ಏನು?" ಎಂದು ಕೇಳುತ್ತಿದ್ದವರು ಈಚೆಗೆ ಅದನ್ನೂ ಬಿಟ್ಟಿದ್ದರು. ಊಟಕ್ಕೆ ಕೂತರೆ ತಟ್ಟೆ ನೋಡುತ್ತಾ ಉಂಡು ಏಳುವುದು. ಗಿರಣಿಯ ಉಳಿದ ಹೆಂಗಸರೆಲ್ಲ ದಿಕ್ಕಾಪಾಲಾಗಿ, ತುಟಿಮಾತು ಬಲ್ಲವರಲ್ಲಿ ಹತ್ತಿರವಿದ್ದವರು ಚಿಕ್ಕತ್ತೆ ಒಬ್ಬರೇ. ಅವರೂ ತಪ್ಪಿಹೋದರೆ ಅತ್ತೆ ಮಾತಾಡುವುದನ್ನೇ ನಿಲ್ಲಿಸಿಬಿಡುತ್ತಾರೆ ಎಂದು ನನಗೆ ನಿಜವಾಗಿ ಭಯವಾಗಿತ್ತು.

ಅಷ್ಟರಲ್ಲಿ ಜಲಪಾತದ ಕಾಡಿನ ಗೇಟಿನವರೆಗೆ ಭಾನುವಾರದ ಬಸ್ ಶುರುವಾಯಿತು. ನನ್ನ ಗಾಜಿನ ಮೇಲೇ ಅದರ ಚೀಟಿ ಅಂಟಿಸಿದರು. ಅತ್ತೆಗೆ ಆ ಹಳೆಯ ಸನ್ನೆ ಮಾಡಿ ತೋರಿಸಿದೆ. ಎಷ್ಟೋ ದಿನದ ಮೇಲೆ ಅವರ ಕಣ್ಣು ಮೇಲೆದ್ದಿತು. ಚಿಕ್ಕತ್ತೆಗೆ ಫೋನು ಮಾಡಿ, "ಅತ್ತೆ ಕರೀತಿದ್ದಾರೆ" ಎಂದೆ. ಶುದ್ಧ ಸುಳ್ಳು. ನನ್ನ ಗಂಡ ವಿಷಯ ತಿಳಿದು ತಲೆ ಮೇಲೆ ಕೈ ಹೊತ್ತು ಕೂತರು.

"ಬಸ್ಸಲ್ಲೇ ಅಮ್ಮ ರಂಪ ಮಾಡಿದ್ರೆ?"

"ರಂಪ ಮಾಡೋದಕ್ಕೂ ಬಾಯಿ ಬಿಡ್ಬೇಕಲ್ಲ ರೀ. ಬಿಡ್ಲಿ, ಅದೇ ಸಂತೋಷ."

ನಿಲ್ದಾಣದಲ್ಲಿ ಹೊಸ ಚಪ್ಪಲಿ ಮೆಟ್ಟಿ, ಚೀಲ ಹಿಡಿದು ನಿಂತಿದ್ದ ಚಿಕ್ಕತ್ತೆಯನ್ನು ಕಂಡು ಅತ್ತೆ ನನ್ನನ್ನೊಮ್ಮೆ ನೋಡಿದರು. ಆ ನೋಟಕ್ಕೆ ತುಟಿಯೂ ಬೇಕಿರಲಿಲ್ಲ. ಆದರೂ ಬಸ್ ಹತ್ತಿದರು. ಜಲಪಾತದ ಆಸೆ ಸಿಟ್ಟಿಗಿಂತ ಹಳೆಯದಾಗಿತ್ತು.

ಕಾಡಿನ ದಾರಿ ನನ್ನ ಲೆಕ್ಕಾಚಾರವನ್ನೆಲ್ಲ ಮಣ್ಣುಪಾಲು ಮಾಡಿತು. ಇಬ್ಬರೂ ಪಕ್ಕಪಕ್ಕ ನಡೆದರೆ ತಾನಾಗಿ ಮಾತು ಹುಟ್ಟುತ್ತದೆ ಎಂದುಕೊಂಡಿದ್ದೆ. ಅದು ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲದ ಕಾಲುದಾರಿ. ಬೇರುಗಳೇ ಮೆಟ್ಟಿಲು, ಮೆಟ್ಟಿಲಿದ್ದ ಕಡೆ ಪಾಚಿ. ದಾರಿ ತಪ್ಪದಿರಲೆಂದು ಮರಗಳಿಗೆ ಬಳಿದಿದ್ದ ಕೆಂಪು ಬಣ್ಣ ನೋಡಿಕೊಂಡು ಹೋಗಬೇಕು. ಅತ್ತೆ ಎಲ್ಲರಿಗಿಂತ ಮುಂದೆ, ಕೋಲೂರಿಕೊಂಡು, ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ಬಿರುಬಿರನೆ. ಅವರ ಹಿಂದೆ ಮಂಡಿನೋವಿನ ಚಿಕ್ಕತ್ತೆ. ಬೆನ್ನಿಗೆ ತುಟಿ ಇರುವುದಿಲ್ಲ. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಹಕ್ಕಿಗಳು ಮಾತ್ರ ನಮ್ಮ ಪಾಲಿನದನ್ನೂ ಸೇರಿಸಿ ಮಾತಾಡುತ್ತಿದ್ದವು.

ಮೇಲೆ ಹೋದಂತೆ ತೊರೆಯೊಂದು ಅಡ್ಡ ಬಂತು, ಅದಕ್ಕೊಂದು ಹಲಗೆ ಸೇತುವೆ. ಅತ್ತೆ ಆಚೆ ತುದಿಯ ಹಲಗೆಯವರೆಗೆ ಬಂದಿದ್ದರು. ಚಿಕ್ಕತ್ತೆ ನಡುವೆ ಬಂದವರು ಹಲಗೆಗಳ ಸಂದಿಯಲ್ಲಿ ಓಡುವ ನೀರು ನೋಡಿ, ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಂತುಬಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನಿಂತರು. ಹಿಂದಿನ ಹೆಜ್ಜೆಗಳು ನಿಂತದ್ದು ಅವರಿಗೆ ಹಲಗೆಯಿಂದ ಅಂಗಾಲಿಗೆ ಗೊತ್ತಾಗಿತ್ತು. ಗಿರಣಿಯ ನೆಲದ ಮೇಲೆ ಮೇಸ್ತ್ರಿ ಬರುವುದನ್ನು ಪತ್ತೆ ಹಚ್ಚಿದ ಅಂಗಾಲು ಅದು. ಹಿಂತಿರುಗಿ ಬಂದರು, ಮುಖ ನೋಡದೆ ಕೋಲಿನ ತುದಿ ಚಾಚಿದರು. ಚಿಕ್ಕತ್ತೆ ಅದನ್ನು ಹಿಡಿದು ದಾಟಿದರು. ದಾಟಿದ ಮೇಲೆ ಅತ್ತೆ ಮತ್ತೆ ಬಿರುಬಿರನೆ ಮುಂದೆ ನಡೆದರು. ಕೋಲನ್ನು ಮಾತ್ರ ಚಿಕ್ಕತ್ತೆಯ ಕೈಯಲ್ಲೇ ಬಿಟ್ಟಿದ್ದರು.

ಕೊನೆಯ ತಿರುವಿನಲ್ಲಿ ಸದ್ದು ನಮ್ಮ ಮೇಲೆ ಬಿತ್ತು. ಜಲಪಾತವನ್ನು ನೋಡುವ ಮೊದಲು ಕೇಳಿದೆವು, ಕೇಳುವ ಮೊದಲು ಎದೆಯಲ್ಲಿ ನಡುಕವಾಯಿತು. ಮರಗಳು ಸರಿದವು. ಎದುರಿಗೆ ಇಡೀ ಬಂಡೆಯ ಮೇಲಿಂದ ನೀರು ಬೆಳ್ಳಗೆ ಸುರಿಯುತ್ತಿತ್ತು. ಹನಿ ಹಾರಿ ಮುಖವೆಲ್ಲ ಒದ್ದೆ. "ರೀ, ಕ್ಯಾಮೆರಾ!" ಎಂದು ಗಂಟಲು ಹರಿದುಕೊಂಡೆ. ನನ್ನ ಗಂಡ ಕಿವಿಗೆ ಕೈ ಹಚ್ಚಿ "ಏನು?" ಎಂದರು. ಅವರು ಮತ್ತೇನೋ ಹೇಳಿದರು, ನಾನು "ಏನು?" ಎಂದೆ. ಅಲ್ಲಿಗೆ ಬಂದಿದ್ದ ಜನವೆಲ್ಲ ಒಬ್ಬರಿಗೊಬ್ಬರು "ಏನು, ಏನು" ಎನ್ನುತ್ತಾ ಬೆಪ್ಪಾಗಿ ನಿಂತಿದ್ದರು.

ಅತ್ತೆ ಚಪ್ಪಲಿ ಬಿಟ್ಟು ಬಂಡೆಯ ಮೇಲೆ ಬರಿಗಾಲಲ್ಲಿ ನಿಂತರು. ಬಂಡೆ ಸಣ್ಣಗೆ ಅದುರುತ್ತಿತ್ತು. ಅವರು ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಎದುರಿಗೆ ಚಿಕ್ಕತ್ತೆ. ಚಿಕ್ಕತ್ತೆಯ ತುಟಿ ಅಗಲವಾಗಿ ಆಡಿತು.

"ಮಿಲ್ಲು ಅತ್ತಿಗೆ! ನಮ್ಮ ಮಿಲ್ಲೇ!"

ಅತ್ತೆಗೆ ತಾವು ಮಾತು ಬಿಟ್ಟದ್ದೇ ಮರೆತುಹೋಯಿತು. "ಇಲ್ಲಿ ಮೇಸ್ತ್ರಿ ಇಲ್ಲ ಅಷ್ಟೇ" ಎಂದುಬಿಟ್ಟರು. ಇಬ್ಬರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ಅತ್ತೆಗೆ ನೆನಪಾಯಿತು, ಮುಖ ಬಿಗಿಯಿತು. ಇನ್ನೇನು ತಿರುಗಿಸುತ್ತಾರೆ ಎಂದುಕೊಂಡೆ. ತಿರುಗಿಸಲಿಲ್ಲ.

ಮುಂದೆ ಅವರು ಆಡಿದ್ದರಲ್ಲಿ ಅರ್ಧ ನನ್ನ ಕಣ್ಣಿಗೆ ದಕ್ಕಿತು. ಗಾಜಿನಾಚೆಯ ತುಟಿಗಳನ್ನು ನೋಡಿ ನೋಡಿ ನನಗೂ ಅಷ್ಟಿಷ್ಟು ಬರುತ್ತದೆ. ಉಳಿದರ್ಧವನ್ನು ಅತ್ತೆ ಆಮೇಲೆ, ನನ್ನ ಗಂಡ ಮನೆಯಲ್ಲಿಲ್ಲದಾಗ ಹೇಳಿದರು.

"ನಿಮ್ಮಣ್ಣ ಹೋದ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ನಿನ್ನ ಗಂಡನ ಕಿವಿಯಲ್ಲಿ ಏನಂದೆ?" ಎಂದು ಅತ್ತೆ ಕೇಳಿದರು. ಉತ್ತರಕ್ಕೆ ಕಾಯದೆ ತಾವೇ ಹೇಳಿದರು. "ನಾನು ಎದುರು ಗೋಡೆಗೆ ಒರಗಿ ಕೂತಿದ್ದೆ. ನೀನು 'ಅತ್ತಿಗೆ ಒಂದು ದಿನ ಮುಂಚೆ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ ಅಣ್ಣ ಉಳೀತಿದ್ದ' ಅಂದೆ."

ಮನೆ ತುಂಬ ಜನವಿದ್ದ ಆ ದಿನ ಬೇರೆ ಯಾರಿಗೂ ಅದು ಕೇಳಿರಲಿಲ್ಲ. ಯಾವ ಹೆಂಗಸೇ ಆದರೂ ಪಿಸುಗುಟ್ಟುವಾಗ ತುಟಿ ಬಿಗಿಹಿಡಿಯುತ್ತಾಳೆ. ಗಿರಣಿಯ ಹೆಂಗಸಿಗೆ ಅದು ಬರುವುದಿಲ್ಲ. ದನಿ ಇಳಿದಷ್ಟೂ ಅವಳ ತುಟಿ ತಾನಾಗಿ ಅಗಲವಾಗುತ್ತದೆ, ಅಕ್ಷರ ಅಕ್ಷರವೂ ಬಿಡಿಸಿಟ್ಟಂತೆ ಕಾಣುತ್ತದೆ. ಚಿಕ್ಕತ್ತೆ ಗುಟ್ಟೆಂದು ಗಂಡನಿಗೆ ಹೇಳಿದ್ದು, ಆ ಇಡೀ ಮನೆಯಲ್ಲಿ ಯಾರಿಗೆ ತಿಳಿಯಬಾರದಿತ್ತೋ ಅವರೊಬ್ಬರಿಗೇ ತಿಳಿದಿತ್ತು. ಅದನ್ನು ಕೇಳಲು ಅತ್ತೆಗೆ ಮನೆಯಲ್ಲಿ ಧೈರ್ಯ ಬಂದಿರಲಿಲ್ಲ. ಬಾಯಿ ಬಿಟ್ಟರೆ ದನಿ ಎಲ್ಲಿಗೆ ಏರುತ್ತದೋ, ಮಗನಿಗೆ ಕೇಳಿಸಿ ಅವನೂ ಹಾಗೇ ಅಂದುಕೊಂಡರೆ? ತುಟಿಯಲ್ಲೇ ಕೇಳೋಣವೆಂದರೆ, ಮಾತಾಡುವಾಗ ದನಿ ಹೊರಟಿತೋ ಇಲ್ಲವೋ ಎಂಬುದೇ ಅವರಿಗೆ ಗೊತ್ತಾಗುವುದಿಲ್ಲ. ಇಲ್ಲಿ, ಈ ಸದ್ದಿನಲ್ಲಿ, ಆ ಭಯವಿರಲಿಲ್ಲ.

ಚಿಕ್ಕತ್ತೆ ಇಲ್ಲವೆನ್ನಲಿಲ್ಲ.

"ಅಂದೆ ಅತ್ತಿಗೆ. ಹಿಂದಿನ ದಿನ ಅಣ್ಣ ನಮ್ಮನೆಗೆ ಬಂದಿದ್ದ. ಎದೆ ಯಾಕೋ ಹಿಡ್ಕೊಂಡ ಹಾಗೆ ಆಗ್ತಿದೆ, ನಿಮ್ಮತ್ತಿಗೆಗೆ ಹೇಳ್ಬೇಡ, ಗಾಬರಿ ಆಗ್ತಾಳೆ ಅಂದ. ನಾನು ಹೇಳ್ಲಿಲ್ಲ. ನಿನಗೆ ಗೊತ್ತೇ ಇರ್ಲಿಲ್ಲ, ಗೊತ್ತಿದ್ದವಳು ನಾನು. ಅದನ್ನ ತಡ್ಕೊಳ್ಳೋಕೆ ಆಗ್ದೆ ನಿನ್ನ ಮೇಲೆ ಹಾಕ್ಬಿಟ್ಟೆ."

ಅತ್ತೆ ಒಂದು ಹೆಜ್ಜೆ ಹತ್ತಿರ ಬಂದರು. ಮುಖದ ಮೇಲಿದ್ದದ್ದು ಜಲಪಾತದ ನೀರೋ ಕಣ್ಣೀರೋ ನನಗೆ ಗೊತ್ತಾಗಲಿಲ್ಲ.

"ನಿನ್ನ ಮೇಲೆ ಕೋಪ ಅಲ್ಲ ಕಣೇ. ನೀನಂದಿದ್ದು ನಿಜ ಇರ್ಬಹುದು ಅಂತ ಭಯ. ನಾನೇ ಸರಿಯಾಗಿ ನೋಡ್ಕೊಳ್ಲಿಲ್ವೇನೋ ಅಂತ. ನಿನ್ನ ಮುಖ ನೋಡಿದ್ರೆ ಅದೇ ಮಾತು ಕಾಣ್ತಿತ್ತು."

"ಅಣ್ಣ ಬಚ್ಚಿಟ್ಟ ಅತ್ತಿಗೆ. ನಿನ್ನ ತಪ್ಪಿಲ್ಲ."

"ನಿಮ್ಮಣ್ಣ!" ಅತ್ತೆ ಹಣೆ ಬಡಿದುಕೊಂಡರು. "ಹಲ್ಲುನೋವನ್ನೂ ಮುಚ್ಚಿಡ್ತಿದ್ದ ಮನುಷ್ಯ!"

ಅತ್ತರು, ನಕ್ಕರು, ಸತ್ತವರನ್ನು ಪ್ರೀತಿಯಿಂದ ಬೈದರು. ಆಮೇಲೆ ಬಂಡೆಯ ಮೇಲೆ ಎದುರುಬದುರಾಗಿ ಕೂತು ಮಾತಿಗೆ ಶುರುಹಚ್ಚಿಕೊಂಡರು ನೋಡಿ, ಅಷ್ಟು ವರ್ಷಗಳ ಬಾಕಿಯೆಲ್ಲ ಅಲ್ಲೇ ತೀರಿಸುವವರಂತೆ. ಸುತ್ತಲಿನ ಜನ ಇನ್ನೂ "ಏನು, ಏನು" ಎನ್ನುತ್ತಿದ್ದರು. ಆ ಜಾಗದಲ್ಲಿ ಕಿವಿ ಕೇಳುವವರೆಲ್ಲ ಕಿವುಡರಾಗಿದ್ದೆವು, ಹರಟೆ ಹೊಡೆಯುತ್ತಿದ್ದವರು ಆ ಇಬ್ಬರು ಮಾತ್ರ. ನನ್ನ ಗಂಡ ಕ್ಯಾಮೆರಾ ಇಳಿಸಿ ತಮ್ಮ ತಾಯಿಯನ್ನೇ ನೋಡುತ್ತಿದ್ದರು. ಅಮ್ಮ ಹೀಗೆ ಮಾತಾಡುವುದನ್ನು ಅವರು ಕಂಡು ಎಷ್ಟು ಕಾಲವಾಗಿತ್ತೋ. ಅವರ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು. ಮರುದಿನ ಬೆಳಿಗ್ಗೆ ಕ್ಷೌರದಂಗಡಿಯಿಂದ ಬಂದಾಗ ಅವರಿಗೆ ಮೇಲ್ತುಟಿ ಇರುವುದು ನನಗೂ ಖಾತ್ರಿಯಾಯಿತು.

ಇಳಿಯುವ ದಾರಿ ಹತ್ತುವುದಕ್ಕಿಂತ ತಡವಾಯಿತು. ಅತ್ತೆ ನಾಲ್ಕು ಹೆಜ್ಜೆಗೊಮ್ಮೆ ನಿಂತು, ಹಿಂದಕ್ಕೆ ತಿರುಗಿ, ಚಿಕ್ಕತ್ತೆ ಏನಂದರೆಂದು ನೋಡಬೇಕಿತ್ತಲ್ಲ. ಅವರ ಹಿಂದೆ ಕಾಲುದಾರಿಯಲ್ಲಿ ನಾವು, ನಮ್ಮ ಹಿಂದೆ ಯಾರು ಯಾರೋ, ಎಲ್ಲರೂ ಸಾಲಾಗಿ ಕಾಯುತ್ತಾ ನಿಂತೆವು. ನಮ್ಮ ಬಸ್ ತಪ್ಪಿತು. ಟಿಕೆಟ್ ಕೊಡುವವಳೇ ಬಸ್ ತಪ್ಪಿಸಿಕೊಂಡಳೆಂದು ಮುಂದಿನ ಬಸ್ಸಿನ ಕಂಡಕ್ಟರ್ ಆಡಿಕೊಂಡರೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಏನ್ ಮಾತಾಡಿದ್ರು ಅಷ್ಟೊತ್ತು?" ಎಂದು ನನ್ನ ಗಂಡ ಕೇಳಿದರು.

"ಮಿಲ್ಲಿನ ಸುದ್ದಿ" ಎಂದೆ. ಉಳಿದದ್ದನ್ನು ಅವರ ತಾಯಿಯೇ ಹೇಳಬೇಕು, ಹೇಳುವ ದಿನ ಬಂದರೆ.

ಚಿಕ್ಕತ್ತೆ ಮುಂಚೆಯೇ ಇಳಿಯುವವರು. ಬಾಗಿಲ ಹತ್ತಿರ ಹೋಗಿ ನಿಂತಿದ್ದರು. ಅತ್ತೆ ಸೀಟಿನಿಂದ ಅರ್ಧ ಎದ್ದು, ತಮ್ಮ ಮಟ್ಟಿಗೆ ಮೆಲ್ಲಗೆ, "ನಾಳೆ ಮನೆಗೆ ಬರ್ತೀಯೇನೇ?" ಎಂದು ಕೇಳಿದರು. ನಿದ್ದೆಹೋದವರೂ ಎಚ್ಚರವಾದರು. ಡ್ರೈವರ್ ಕನ್ನಡಿಯಲ್ಲಿ ನೋಡಿದರು. ಇಡೀ ಬಸ್ಸು ತಿರುಗಿ ಚಿಕ್ಕತ್ತೆಯ ಉತ್ತರಕ್ಕೆ ಕಾದಿತು.

ಚಿಕ್ಕತ್ತೆ ಸದ್ದು ಮಾಡಲಿಲ್ಲ. ತುಟಿಯನ್ನು ಅಗಲವಾಗಿ, ಒಂದೊಂದು ಅಕ್ಷರಕ್ಕೂ ಸರಿಯಾಗಿ ಆಡಿಸಿದರು. "ಬರ್ತೀನಿ. ಮುಖ ಮಾತ್ರ ತಿರುಗಿಸ್ಬೇಡ."

ಬಸ್ಸಿನಲ್ಲಿ ಅದು ತಿಳಿದದ್ದು ನಮ್ಮ ಮೂವರಿಗೆ ಮಾತ್ರ.