ಆರು ಕಾಜದ ದಾರಿ

ಬುಡೇನ್ ಸಾಬರು ನಡೆಯುತ್ತಲೇ ಕಾಜ ಹಾಕುತ್ತಿದ್ದರು. ಅಂಗಿಯಲ್ಲಿ ಗುಂಡಿ ತೂರಿಸುವ ತೂತಿದೆಯಲ್ಲ, ಅದರ ಅಂಚಿಗೆ ಒತ್ತೊತ್ತಾಗಿ ಹಾಕುವ ಕೈಹೊಲಿಗೆ. ಇವತ್ತು ಅದನ್ನು ಮಿಷನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿಬಿಡುತ್ತದೆ. ಸಾಬರು ಮಾತ್ರ ಹೆಗಲ ಮೇಲೆ ಒಂದು ಶರ್ಟು ಇಳಿಬಿಟ್ಟುಕೊಂಡು, ಹಲ್ಲಿನಲ್ಲಿ ದಾರ ಕಚ್ಚಿಕೊಂಡು, ನಮ್ಮೂರಿನಿಂದ ಗುಬ್ಬಿಗೆ ಕಾಲುದಾರಿಯಲ್ಲಿ ನಡೆಯುತ್ತಾ ಹಾಕುತ್ತಿದ್ದರು. ಎದುರಿಗೆ ಎಮ್ಮೆ ಬಂದರೆ ಪಕ್ಕಕ್ಕೆ ಸರಿಯುತ್ತಿದ್ದರು, ಹಳ್ಳ ಬಂದರೆ ಇಳಿದು ಹತ್ತುತ್ತಿದ್ದರು, ಕಣ್ಣು ಮಾತ್ರ ಸೂಜಿ ಬಿಟ್ಟು ಮೇಲೇಳುತ್ತಿರಲಿಲ್ಲ. ಊರು ಬಿಡುವಾಗ ಮೊದಲನೇ ಕಾಜ ಶುರು, ಗುಬ್ಬಿ ರೈಲ್ವೆ ಗೇಟು ಬರುವಷ್ಟರಲ್ಲಿ ಆರನೆಯದಕ್ಕೆ ಗಂಟು. ಯಾರಾದರೂ "ಗುಬ್ಬಿ ಎಷ್ಟು ದೂರ ಸಾಬ್ರೆ?" ಅಂದರೆ "ಆರು ಕಾಜ" ಅನ್ನುತ್ತಿದ್ದರು. ತಮಾಷೆಗಲ್ಲ, ಅವರಿಗೆ ಲೆಕ್ಕವೇ ಅದು.

ಊರಿನ ಎಷ್ಟೋ ಜನರ ಕಥೆ ಈ ಬ್ಲಾಗಿನಲ್ಲಿ ಬರೆದಿದ್ದೇನೆ, ನೀವೂ ನಕ್ಕಿದ್ದೀರಿ. ಇವರ ಬಗ್ಗೆ ಬರೆದಿರಲಿಲ್ಲ. ಇವರ ಬಗ್ಗೆ ಬರೆದರೆ ನಾನು ಮಾಡಿದ್ದನ್ನೂ ಬರೆಯಬೇಕಾಗುತ್ತದೆ, ಅದಕ್ಕೆ.

ನಮ್ಮೂರು ಬಿದರೆಹಳ್ಳ ಕಾವಲ್‌ಗೆ ಅಂಟಿಕೊಂಡಂತೆ ಇತ್ತು. ಈಗ ಅಲ್ಲಿ ಹೆಲಿಕಾಪ್ಟರ್ ಮಾಡುತ್ತಾರೆ, ಆಗ ಬರೀ ಹುಲ್ಲು, ಕುರುಚಲು, ಕುರಿ. ಊರಿನಲ್ಲಿದ್ದದ್ದು ಏಳನೇ ಕ್ಲಾಸಿನವರೆಗಿನ ಶಾಲೆ. ಹೈಸ್ಕೂಲು ಬೇಕಂದರೆ ಗುಬ್ಬಿಗೇ ಹೋಗಬೇಕು. ರಸ್ತೆ ಸುತ್ತು, ಬೆಳಿಗ್ಗೆ ಸಮಯಕ್ಕೆ ಬಸ್ಸಿಲ್ಲ. ಕಾಲುದಾರಿ ಹತ್ತಿರ, ಆದರೆ ಕಾವಲ್ ದಾಟಬೇಕು. ಗಂಡುಹುಡುಗರು ಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ?

ಎಂಬತ್ಮೂರರಲ್ಲಿ ನಾನು ಏಳನೇ ಕ್ಲಾಸು ಪಾಸಾದಾಗ ಅಪ್ಪ ಓದು ಸಾಕು ಅಂದರು. ಬೇಲಿಯ ಆಚೆಯಿಂದ ಸಾಬರು ಅದನ್ನು ಕೇಳಿಸಿಕೊಂಡರು. ಗುಬ್ಬಿಯಲ್ಲಿ ಅವರದೊಂದು ಟೈಲರ್ ಅಂಗಡಿ, ಮನೆ ಮಾತ್ರ ನಮ್ಮೂರಿನಲ್ಲಿ. ದಿನಾ ಹೋಗಿಬರುವ ಮನುಷ್ಯ.

"ಗೌಡ್ರೆ, ನಾನು ಹೆಂಗೂ ಓಯ್ತೀನಲ್ಲ. ಮಗೀನ ಸ್ಕೂಲ್ ಬಾಗ್ಲಿಗೆ ಬುಟ್ಟು ಅಂಗ್ಡಿಗೆ ಓಯ್ತೀನಿ. ಸಂಜೆ ಕರ್ಕೊಂಡ್ ಬತ್ತೀನಿ. ಓದ್ಲಿ ಬುಡಿ."

ಅಪ್ಪ "ನೀವು ಇದೀರಿ ಅಂತ ಕಳಿಸ್ತಾ ಇದೀನಿ ಸಾಬ್ರೆ" ಅಂದರು. ನನ್ನ ಹೈಸ್ಕೂಲಿನ ಅಡ್ಮಿಶನ್ ಆಗಿದ್ದು ಹೀಗೆ. ಎರಡು ವರ್ಷದ ಮೇಲೆ ಪಕ್ಕದ ಮನೆಯ ರತ್ನಳೂ ನಮ್ಮ ಜೊತೆ ಸೇರಿಕೊಂಡಳು. ನನಗಿಂತ ಬುದ್ಧಿವಂತೆ, ನನಗಿಂತ ಬಾಯಿ ಜೋರು.

ನಾವು ಅವರನ್ನು ಬುಡೇನ್ ಮಾಮ ಅನ್ನುತ್ತಿದ್ದೆವು. ಅವರು ಮುಂದೆ, ನಾವು ಹಿಂದೆ. ಮೂರು ಹೆಜ್ಜೆಗೊಂದು ಸಲ ಒಂದೇ ಪಾಠ: "ಮುಂದೆ ನೋಡ್ಬ್ಯಾಡಿ, ಮುಂದಿರೋ ಗುಬ್ಬಿ ಎಲ್ಲೂ ಓಡೋಗಲ್ಲ. ಕಾಲ್ಕೆಳಗೆ ನೋಡಿ."

"ನೀವು ನೋಡಲ್ವಲ್ಲ ಮಾಮ?" ರತ್ನ ಕೇಳುತ್ತಿದ್ದಳು.

"ನನ್ ಕಾಲ್ಗೆ ಕಣ್ಣೈತೆ. ನಿಮ್ ಕಾಲ್ಗಿರೋದು ಬರೀ ಚಪ್ಲಿ."

ಒಂದು ದಿನ ಅವಳ ಪ್ರಶ್ನೆಗಳಿಗೆ ಉತ್ತರ ಕೊಡುವ ಗಲಾಟೆಯಲ್ಲಿ ಅವರು ಗಿರಾಕಿಯ ಶರ್ಟಿಗೆ ತಮ್ಮ ಶರ್ಟಿನ ತುದಿಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದರು. ಗಿರಾಕಿ ಪೊಲೀಸ್ ಕಾನ್‌ಸ್ಟೇಬಲ್ಲು, ಅಂಗಡಿ ಮುಂದೆಯೇ ನಿಂತಿದ್ದ. ಅವನು ಎಳೆದುಕೊಂಡರೆ ಇವರೂ ಜೊತೆಗೆ ಹೋಗುತ್ತಾರೆ. "ಏನ್ ಸಾಬ್ರೆ, ನನ್ನೇ ಅರೆಸ್ಟ್ ಮಾಡಿದ್ರಾ?" ಅಂದ ಅವನು. ಆಮೇಲೆ ಎಷ್ಟೋ ದಿನ ರತ್ನ ದಾರಿಯಲ್ಲಿ ಬಾಯಿ ತೆರೆದರೆ ಸಾಕು, ಮಾಮ "ತಡಿಯವ್ವ, ಸೂಜಿ ನಿಲ್ಲಿಸ್ತೀನಿ, ಆಮೇಲೆ ಕೇಳು" ಅನ್ನುತ್ತಿದ್ದರು.

ಇನ್ನೊಂದು ದಿನ ಜಾಲಿಮುಳ್ಳು ನನ್ನ ಚಪ್ಪಲಿ ತೂರಿ ಹಿಮ್ಮಡಿಯೊಳಗೆ ಮುರಿಯಿತು. ಕೂತುಬಿಟ್ಟೆ. ಮಾಮ ಸೂಜಿಯಿಂದ ದಾರ ಬಿಚ್ಚಿ, ಬೆಂಕಿಕಡ್ಡಿ ಗೀರಿ ಕಾಯಿಸಿ ನನ್ನ ಕೈಗೆ ಕೊಟ್ಟರು. ಆಮೇಲೆ ಬೆನ್ನು ತಿರುಗಿಸಿ ನಿಂತರು. ಬೆಳೆದ ಹುಡುಗಿಯ ಕಾಲು ಮುಟ್ಟಬಾರದು, ನೋಡಲೂಬಾರದು ಅಂತ. ಬೆನ್ನು ತಿರುಗಿಸಿಕೊಂಡೇ ಹೇಳಿಕೊಡುತ್ತಿದ್ದರು.

"ಮುಳ್ಳು ಯಾವ ಕಡೆಯಿಂದ ಒಳೀಕ್ ಹೋಗೈತೋ ಆ ಕಡೆಯಿಂದ್ಲೇ ಬಿಡ್ಸು. ಅವಸ್ರ ಬ್ಯಾಡ. ಕಂಡ್ತಾ?"

"ಕಾಣ್ತಿಲ್ಲ ಮಾಮ."

"ಅಳದ್ ನಿಲ್ಸು, ಕಾಣುತ್ತೆ."

ಬಂತು. ಸೂಜಿ ವಾಪಸ್ ಕೊಡಲು ಹೋದರೆ "ನಿನ್ ಬ್ಯಾಗ್ನಾಗೆ ಇಟ್ಕೊ, ಮುಳ್ಳು ಇನ್ನೂ ಬೇಜಾನ್ ಅವೆ" ಅಂದರು. ಗುರುತು ಇವತ್ತಿಗೂ ನನ್ನ ಎಡ ಹಿಮ್ಮಡಿಯಲ್ಲಿದೆ.

ಈಗ ನಮ್ಮ ಹೊಲದ ವಿಷಯ. ಆ ದಾರಿಯ ನಡುವೆ ಒಂದು ಕಡೆ ಕಲ್ಲುಗುಡ್ಡೆ, ಇನ್ನೊಂದು ಕಡೆ ಆಳದ ಕೊರಕಲು. ಮಧ್ಯೆ ಇದ್ದದ್ದು ನಮ್ಮ ಹೊಲ. ದಾರಿ ಹೋಗುತ್ತಿದ್ದದ್ದು ಆ ಹೊಲದ ಬದುವಿನ ಮೇಲೆ. ಅದು ಮುಚ್ಚಿದರೆ ಕಾಲುದಾರಿಯೇ ಇಲ್ಲ, ಎಲ್ಲರೂ ಎರಡರಷ್ಟು ಸುತ್ತಿ ಟಾರು ರೋಡು ಹಿಡಿಯಬೇಕು.

ಎಂಬತ್ತಾರರಲ್ಲಿ ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ತಿಂಗಳು ಅಪ್ಪ ಬೋರು ಕೊರೆಸಿದರು. ನೀರು ಬಂತು. ತೆಂಗಿನ ಸಸಿ ಇಟ್ಟರು, ಬದುವನ್ನೂ ಸೇರಿಸಿ ಸುತ್ತ ಮುಳ್ಳುತಂತಿ ಎಳೆಸಿದರು. ಗಂಡಸರು ತಂತಿ ಎತ್ತಿ ನುಸುಳಿದರು, ಅಪ್ಪ ಬೈದರು, ನುಸುಳುವುದೂ ನಿಂತಿತು. ಸಾಬರು ಮನೆಗೆ ಬಂದು ಕೇಳಿದರು. "ಮೂರಡಿ ಬುಡಿ ಗೌಡ್ರೆ. ನಮ್ ತಾತನ್ ಕಾಲದ್ ದಾರಿ. ಜೂನ್‌ನಾಗೆ ರತ್ನ ಒಂಬತ್ನೇ ಕ್ಲಾಸಿಗೆ ಓಗ್ಬೇಕು. ಅವ್ರವ್ವ ಆಗ್ಲೇ ರೋಡಿನ ಮೇಲೆ ಕಳ್ಸಲ್ಲ ಅಂತಾವ್ಳೆ." ಅಪ್ಪ "ನೋಡೋಣ" ಅಂದರು. ಎರಡು ವಾರ ನೋಡಿ ಸಾಬರು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟರು. ಜನ್ಮದಲ್ಲಿ ಮೊದಲ ಸಲ.

ಮಹಜರಿಗೆ ರೆವಿನ್ಯೂ ಇನ್‌ಸ್ಪೆಕ್ಟರ್ ಬಂದರು. ಜಾಗ ನೋಡುವುದು, ನೆರೆದವರನ್ನು ಕೇಳುವುದು, ಅವರು ಹೇಳಿದ್ದನ್ನು ಬರೆದು ಸಹಿ ಹಾಕಿಸಿಕೊಳ್ಳುವುದು, ಇಷ್ಟೇ ಮಹಜರು. ನಮ್ಮ ಬೇವಿನ ಮರದ ಕೆಳಗೆ ಚಾಪೆ ಹಾಸಿತ್ತು. ಅಮ್ಮ ನನ್ನನ್ನು ಕಳಿಸಿದ್ದು ಮಜ್ಜಿಗೆ ಕೊಡಲಿಕ್ಕೆ.

ನಕ್ಷೆಯಲ್ಲಿ ದಾರಿ ಇರಲಿಲ್ಲ. ಅಪ್ಪ ಅಷ್ಟರೊಳಗೆ ಬದುವನ್ನೂ ಉಳುಮೆ ಮಾಡಿಸಿದ್ದರಿಂದ ನೆಲದ ಮೇಲೂ ಇರಲಿಲ್ಲ. ಊರಿನವರನ್ನು ಕೇಳಿದರೆ ಒಬ್ಬ ಆಕಾಶ ನೋಡಿದ, ಒಬ್ಬ "ಯಾವಾಗಾದ್ರೂ ಒಂದ್ಸಲ ಓಡಾಡ್ತಿದ್ವು ಸ್ವಾಮಿ" ಅಂದ. ಬೇಸಿಗೆಯಲ್ಲಿ ಎಲ್ಲರಿಗೂ ಬೇಕಾಗಿದ್ದದ್ದು ನಮ್ಮ ಬೋರಿನ ನೀರು.

ಇನ್‌ಸ್ಪೆಕ್ಟರು ಸಾಬರನ್ನು ಕೇಳಿದರು: "ದಾರಿ ಎಷ್ಟು ಉದ್ದ ಇತ್ರೀ?"

"ಆರು ಕಾಜ, ಸ್ವಾಮಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಸಾಬರು ನಗಲಿಲ್ಲ. ಮಜ್ಜಿಗೆ ಚೊಂಬು ಹಿಡಿದು ನಿಂತ ನನ್ನ ಕಡೆ ಕೈ ತೋರಿಸಿದರು.

"ಬ್ಯಾರೆ ಯಾರ್ನೂ ಕೇಳ್ಬ್ಯಾಡಿ. ಈ ಮಗೀನ ಕೇಳಿ. ಮೂರು ವರ್ಷ ನನ್ ಹಿಂದೆ ನಡ್ದವ್ಳೆ. ಇತ್ತು ಅಂದ್ರೆ ಇತ್ತು. ಇಲ್ಲ ಅಂದ್ರೆ ಇಲ್ಲ, ನಾನು ಅರ್ಜಿ ವಾಪಸ್ ತಕತೀನಿ."

ಆಟ ಅಲ್ಲ, ಆ ಮನುಷ್ಯ ಇದ್ದದ್ದೆಲ್ಲವನ್ನೂ ನನ್ನ ನಾಲಿಗೆ ಮೇಲೆ ಇಟ್ಟರು. ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದರು. "ಏನಮ್ಮ, ಹೈಸ್ಕೂಲಿಗೆ ಹೆಂಗೆ ಹೋಗ್ತಿದ್ದೆ?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಏನೂ ಸನ್ನೆ ಮಾಡಲಿಲ್ಲ. ಅವರು ನನಗೆ ಮೊದಲೇ ಏನನ್ನೂ ಹೇಳಿಕೊಟ್ಟಿರಲೂ ಇಲ್ಲ. ಅವತ್ತು ಬೆಳಿಗ್ಗೆ ಅಮ್ಮನ ಹತ್ತಿರ "ರಿಸಲ್ಟ್ ಬರ್ಲಿ, ತುಮಕೂರು ಕಾಲೇಜಿಗೆ ಸೇರಿಸಿ ಹಾಸ್ಟೆಲ್ಗೆ ಬಿಡೋಣ" ಅಂದಿದ್ದರು, ಅಷ್ಟೇ. ಅದನ್ನು ಕೇಳಿಸಿಕೊಂಡಿದ್ದೆ. ಆ ಮಾತು ಕೈತಪ್ಪಬಾರದು ಅಂತ ನನ್ನ ತಲೆ ತಾನೇ ಲೆಕ್ಕ ಹಾಕಿತು.

"ರೋಡಲ್ಲಿ ಹೋಗ್ತಿದ್ವಿ ಸಾರ್" ಅಂದೆ.

ಹಿಮ್ಮಡಿಯಲ್ಲಿ ಮುಳ್ಳಿನ ಗುರುತು ಇಟ್ಟುಕೊಂಡು ಅಂದೆ. ಅವರು ಹೊಲಿದ ರವಿಕೆ ಹಾಕಿಕೊಂಡು ಅಂದೆ. ದಯವಿಟ್ಟು ಕಾಮೆಂಟಿನಲ್ಲಿ "ಚಿಕ್ಕವಳಿದ್ದಿರಿ ಬಿಡಿ ಮೇಡಂ" ಅಂತ ಬರೆಯಬೇಡಿ. ಹದಿನಾರು ವರ್ಷ. ಏನು ಹೇಳುತ್ತಿದ್ದೇನೆ ಅಂತ ಚೆನ್ನಾಗಿ ಗೊತ್ತಿತ್ತು.

ಸಾಬರು ನನ್ನನ್ನು ದಿಟ್ಟಿಸಲಿಲ್ಲ. ಮುಳ್ಳು ತೆಗೆದ ದಿನದ ಹಾಗೆ ಮುಖ ಆ ಕಡೆ ತಿರುಗಿಸಿಕೊಂಡರು. "ಮಗ ಹೇಳಿದ್ ಮ್ಯಾಲೆ ಆಯ್ತು" ಅಂದು, ಅರ್ಜಿ ವಾಪಸ್ ಅಂತ ಬರೆದ ಕಾಗದ ಇಸಿದುಕೊಂಡು ಸಹಿ ಹಾಕಿದರು. ಮಜ್ಜಿಗೆ ಕೊಟ್ಟೆ. ಕುಡಿದರು. ಚೊಂಬು ವಾಪಸ್ ಕೊಡುವಾಗ "ಉಪ್ಪು ಸರಿಯಾಗೈತೆ" ಅಂದರು.

ಸಂಜೆ ಕೈಕಾಲು ತೊಳೆಯುತ್ತಾ ಅಪ್ಪ ನನ್ನನ್ನು ಕರೆದರು. "ನೀನು ಇತ್ತು ಅಂತೀಯ ಅಂದ್ಕೊಂಡಿದ್ದೆ ಕಣೇ. ಅಂದಿದ್ರೆ ಮೂರಡಿ ಬಿಟ್ಬಿಡೋಣ ಅಂತಿದ್ದೆ. ಅಷ್ಟು ಜನದ ಮುಂದೆ ಮಗಳ ಮಾತು ತೆಗೆದಾಕಕ್ಕಾಗುತ್ತಾ?" ಟವೆಲ್ಲಿನಲ್ಲಿ ಕೈ ಒರೆಸಿಕೊಂಡು, "ಈಗ ಆಯ್ತಲ್ಲ, ಬಿಡು" ಅಂದರು. ಅವರ ದನಿಯಲ್ಲಿ ಮೆಚ್ಚುಗೆ ಇರಲಿಲ್ಲ. ಮಗಳು ಯಾರು ಅಂತ ಹೊಸದಾಗಿ ಗೊತ್ತಾದವರ ಹಾಗೆ ನೋಡಿದರು. ಆಗಲಾದರೂ "ಸುಳ್ಳು ಹೇಳ್ದೆ, ದಾರಿ ಬಿಡಪ್ಪ" ಅನ್ನಬಹುದಿತ್ತು. ಅನ್ನಲಿಲ್ಲ.

ಜೂನ್‌ನಲ್ಲಿ ನಾನು ತುಮಕೂರಿಗೆ ಹೋದೆ. ರತ್ನ ಒಂಬತ್ತನೇ ಕ್ಲಾಸಿಗೆ ಹೋಗಲಿಲ್ಲ. ಅವಳಮ್ಮ ಹಠ ಬಿಡಲಿಲ್ಲ. ಲಾರಿ ಓಡಾಡುವ ರೋಡಿನಲ್ಲಿ ಅಷ್ಟು ದೂರ ಮಗಳನ್ನು ಕಳಿಸುವುದಿಲ್ಲ ಅಂದಳಂತೆ. ಎರಡೇ ವರ್ಷಕ್ಕೆ ಅವಳನ್ನು ಊರ್ಡಿಗೆರೆ ಕಡೆ ಮದುವೆ ಮಾಡಿ ಕೊಟ್ಟರು. ದಸರಾ ರಜಕ್ಕೆ ಬಂದಾಗ ಬಸ್ಸಿನ ಕಿಟಕಿಯಿಂದ ಸಾಬರನ್ನು ಕಂಡೆ. ರೋಡಿನ ಅಂಚಿನಲ್ಲಿ ನಡೆಯುತ್ತಿದ್ದರು, ಶರ್ಟು ಕಂಕುಳಲ್ಲಿ ಸುತ್ತಿಟ್ಟಿತ್ತು, ಕೈ ಖಾಲಿ. ಪ್ರತಿ ಹಾರನ್ನಿಗೂ ತಿರುಗಿ ನೋಡುತ್ತಿದ್ದರು. ನಾನು ಸೀಟಿನಲ್ಲಿ ತಗ್ಗಿ ಕೂತೆ. ಮುಂದಿನ ವರ್ಷ ಅವರು ಊರು ಬಿಟ್ಟು ಗುಬ್ಬಿಯಲ್ಲಿ ಅಂಗಡಿ ಹಿಂದೆಯೇ ಒಂದು ರೂಮು ಮಾಡಿಕೊಂಡರು.

ಕೊನೆಯ ಸಲ ನೋಡಿದ್ದು ಎಂಬತ್ತೊಂಬತ್ತರಲ್ಲಿ, ನನ್ನ ಮದುವೆಗೆ ಸ್ವಲ್ಪ ಮುಂಚೆ. ರವಿಕೆ ಹೊಲಿಸುವ ನೆಪ ಮಾಡಿಕೊಂಡು ಒಬ್ಬಳೇ ಹೋದೆ. ಹೇಳಿಬಿಡಬೇಕು ಅಂತಲೇ ಹೋಗಿದ್ದು. ಮಾಮ ಬಡವಾಗಿದ್ದರು, ಕನ್ನಡಕ ಬಂದಿತ್ತು. "ಬಾರವ್ವ, ಕಾಲು ಹೆಂಗೈತೆ?" ಅಂದರು, ನಿನ್ನೆ ಮುಳ್ಳು ಚುಚ್ಚಿದ ಹಾಗೆ. ಟೀ ತರಿಸಿದರು. ಹಳೇ ರವಿಕೆ ಹರವಿ ಅಳತೆ ಬರೆದುಕೊಂಡರು. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು, ಬಟ್ಟೆ ನೋಡುತ್ತಲೇ ಕೇಳಿದರು.

"ಒಂದ್ ಮಾತು. ಅವತ್ತು ರೋಡ್ನಾಗೆ ಓಯ್ತಿದ್ವಿ ಅಂದ್ಯಲ್ಲ. ಅದು ನಿಮ್ಮಪ್ಪ ಹೇಳ್ಕೊಟ್ಟಿದ್ದೋ, ನೀನೇ ಅಂದಿದ್ದೋ?"

ಮೂರು ವರ್ಷದಿಂದ ಬಾಯಲ್ಲಿ ಕಟ್ಟಿಕೊಂಡಿದ್ದ ಮಾತು ತುದಿಗೆ ಬಂದಿತ್ತು. ಅದರ ಬದಲು ಇನ್ನೊಂದು ಹೊರಬಿತ್ತು.

"ಅಪ್ಪ ಹೇಳ್ಕೊಟ್ಟಿದ್ದು ಮಾಮ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮುಖ ಸಡಿಲವಾಯಿತು. "ಹಂಗ್ ಹೇಳು. ಅದೊಂದು ನನ್ಗೆ ಕೊರೀತಿತ್ತು. ಹೆಣ್ಮಗ, ಅಪ್ಪನ್ ಮಾತು ಹೆಂಗ್ ಮೀರ್ತೀಯ? ಸರಿ ಬುಡು, ಸರಿ ಬುಡು."

ಬೇಡವೆಂದರೂ ಬಸ್‌ಸ್ಟ್ಯಾಂಡಿನವರೆಗೆ ಬಿಡುತ್ತೇನೆ ಅಂತ ಎದ್ದರು. ಮೊಳೆಗೆ ನೇತುಹಾಕಿದ್ದ ಒಂದು ಶರ್ಟು ತೆಗೆದು ಹೆಗಲ ಮೇಲೆ ಹಾಕಿಕೊಂಡರು. ದಾರ ಹಲ್ಲಿಗೆ, ಸೂಜಿ ಬೆರಳಿಗೆ. ಗುಬ್ಬಿಯ ಬೀದಿಯಲ್ಲಿ, ಸೈಕಲ್ಲು ಗಾಡಿಗಳ ನಡುವೆ, ನನ್ನ ಮುಂದೆ ಮುಂದೆ ಕಾಜ ಹಾಕುತ್ತಾ ನಡೆದರು. "ಬಸ್‌ಸ್ಟ್ಯಾಂಡು ಅರ್ಧ ಕಾಜ ಕಣವ್ವ" ಅಂತ ನಕ್ಕರು. ಹೊಲಿದ ರವಿಕೆಯನ್ನು ಬೇರೆಯವರ ಕೈಲಿ ತರಿಸಿಕೊಂಡೆ. ನನ್ನ ಮದುವೆಯ ಮರುವರ್ಷ ಅವರು ತೀರಿಕೊಂಡರು.

ಆ ಅರ್ಧ ಕಾಜದ ದೂರ ಅವರು ಒಂದು ಸಲವೂ ತಲೆಯೆತ್ತಿ ಮುಂದೆ ನೋಡಲಿಲ್ಲ, ಹಿಂದೆ ನಾನಿದ್ದೇನೆ ಅನ್ನುವ ಧೈರ್ಯಕ್ಕೋ ಏನೋ. ನಾನು ಅವರು ಕಲಿಸಿದ ಹಾಗೆ ಕಾಲ್ಕೆಳಗೆ ನೋಡುತ್ತಾ ನಡೆದೆ.