ಮುಯ್ಯಾಳಿನ ಪ್ರಬಂಧ

ವಿಶ್ವವಿದ್ಯಾಲಯದಲ್ಲಿ ಸಮಿತಿ ಕೂತಿದ್ದ ಕೋಣೆಯ ಬಾಗಿಲ ಮುಂದೆ, ಬೆಂಚಿನ ತುದಿಯಲ್ಲಿ ಕುಳಿತಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಇಳಿದವನು ನಾನು. ಹಿರಿಯೂರಿನಲ್ಲಿ ಎತ್ತರದ ಗೋಡೆಗಳ ತುದಿಯಲ್ಲಿ ನಿಂತು ಕೆಳಗೆ ನೋಡಿದ್ದೇನೆ, ಹೆದರಿದ್ದಿಲ್ಲ. ಯಾರ ಹಂಗೂ ನನಗಿಲ್ಲ ಎಂಬ ಜಂಬ ಬೇರೆ. ಅವತ್ತು ಮಾತ್ರ ಬಾಗಿಲಲ್ಲಿದ್ದ ಜವಾನ ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದೆ.

ಒಳಗೆ ನನ್ನ ಮಗಳಿದ್ದಳು. ನನ್ನ ಪಕ್ಕದಲ್ಲಿ ಮತ್ತೋಡಿಗೆ ಕೊಟ್ಟ ತಂಗಿ. ಅವಳ ಪಕ್ಕ ಅವಳ ಮಗಳು, ಮುಂದಿನ ಸರದಿಯವಳು. ಹುಡುಗಿಯರಿಬ್ಬರೂ ಎಂ.ಎ. ಕೊನೆಯ ವರ್ಷ, ಒಂದೇ ಕ್ಲಾಸು. ಕೂಲಿ ಹೆಂಗಸರ ಮೇಲೆ ಒಬ್ಬೊಬ್ಬರೂ ಒಂದೊಂದು ಪ್ರಬಂಧ ಬರೆಯಬೇಕಿತ್ತು. ನನ್ನ ಮಗಳದ್ದು ನಮ್ಮೂರು ಯಲ್ಲದಕೆರೆ, ತಂಗಿಯ ಮಗಳದ್ದು ಮತ್ತೋಡು. ನಮ್ಮ ಕಡೆ ಕಳೆ ತೆಗೆಯಲು ಮುಯ್ಯಾಳು ಹೋಗುತ್ತೇವಲ್ಲ, ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ, ಇವರೂ ಹಾಗೇ ಮಾಡಿದ್ದರು. ಎರಡೂ ಊರಲ್ಲಿ ಕೂಡಿಯೇ ಮನೆಮನೆ ತಿರುಗಿದರು, ನಮ್ಮ ಜಗಲಿಯಲ್ಲಿ ಕೂತು ಕೂಡಿಯೇ ಬರೆದರು. ಮೊದಲ ಅರ್ಧ ಒಬ್ಬಳು, ಉಳಿದರ್ಧ ಇನ್ನೊಬ್ಬಳು, ಎರಡು ಪ್ರಬಂಧಕ್ಕೂ ಅದೇ. ಊರಿನ ಹೆಸರು, ಹೆಂಗಸರ ಮಾತು ಬಿಟ್ಟರೆ ಪುಟಪುಟವೂ ಒಂದೇ. ಅದರಲ್ಲಿ ತಪ್ಪಿದೆ ಅಂತ ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕಂಪ್ಯೂಟರಿಗೆ ಹೊಳೆಯಿತು. ನಕಲು ಮಾಡಿದವರನ್ನು ಹೊರಹಾಕಬೇಕು ಅಂತ ಹೊಸ ನಿಯಮ ಬಂದಿತ್ತಂತೆ. ಯಾರದ್ದು ಮೂಲ, ಯಾರದ್ದು ನಕಲು, ಸಮಿತಿ ಕೇಳುವುದು ಅಷ್ಟೇ, ಒಬ್ಬರು ಉಳಿಯುತ್ತಾರೆ, ಒಬ್ಬರು ಹೋಗುತ್ತಾರೆ ಅಂದ ಜವಾನ. ಆಮೇಲೆ ನಾನು ತಂಗಿಯ ಮುಖ ನೋಡಲಿಲ್ಲ, ಅವಳೂ ನನ್ನ ಮುಖ ನೋಡಲಿಲ್ಲ.

"ಕುಂತ್ಕಳ್ರಿ ಯಜಮಾನ್ರೆ, ನೀವು ಎದ್ದೆದ್ದು ನಿಂತ್ರೆ ಬಾಗಿಲೇನು ಬೇಗ ತೆಗೆಯಲ್ಲ" ಎಂದು ಜವಾನನೇ ನಗಾಡಿದ.

ಮಗಳು ಹೊರಬಂದಳು, ತಂಗಿಯ ಮಗಳು ಒಳಹೋದಳು. ನನ್ನನ್ನು ಮೂಲೆಯ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಮಗಳು ಪಿಸುಗುಟ್ಟಿದಳು.

"ಅಪ್ಪಾ, ನಂದೇ ಮೂಲ ಅಂದ್ಬಿಟ್ಟೆ."

"ಅವಳು?"

"ನಂದು ನೋಡ್ಕಂಡು ಬರೆದ್ಲು ಅಂದೆ. ಭಯ ಆತು."

ನನ್ನ ಮಗಳು ಉಳಿದಳು ಎಂಬ ಸಮಾಧಾನ ಒಂದು ಉಸಿರಿನಷ್ಟು ಹೊತ್ತು ಬಂದು ಹೋಯಿತು. ತಿರುಗಿ ನೋಡಿದೆ. ಬೆಂಚಿನ ಮೇಲೆ ತಂಗಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಅವಳ ಮಗಳು ಒಳಗೆ ಇಬ್ಬರೂ ಸೇರಿ ಬರೆದೆವು ಅಂತಲೇ ಹೇಳುತ್ತಿರುತ್ತಾಳೆ, ಆ ಹುಡುಗಿಗೆ ಬೇರೆ ಹೇಳಲು ಬಾರದು. ಯಾರೂ ನಂಬುವುದಿಲ್ಲ. ನಾವು ಹೋಗಿ ನಿಜ ಹೇಳಿದರೆ ಇಬ್ಬರ ಓದೂ ಹೋಗಬಹುದು. ಹೇಳದಿದ್ದರೆ ಅವಳೊಬ್ಬಳದೇ ಹೋಗುತ್ತದೆ.

"ನಡಿ, ಹೋಗಾಣ" ಅಂದೆ.

"ಮನೆಗಾ?"

"ಒಳಗೆ."

ಜವಾನ ಅಡ್ಡ ಬಂದ. ಕೈ ಮುಗಿದೆ, ಬಿಟ್ಟ. ಮೇಜಿನ ಹಿಂದೆ ಮೂವರಿದ್ದರು. ತಂಗಿಯ ಮಗಳು ಅಳುತ್ತಾ ನಿಂತಿದ್ದಳು.

"ಮೇಡಂ, ನಾನು ಸುಳ್ಳು ಹೇಳಿದೆ. ಅರ್ಧ ಅವಳ್ದೇ" ಅಂದಳು ನನ್ನ ಮಗಳು.

ನಡುವೆ ಕೂತಿದ್ದ ಮೇಡಂ ನನ್ನ ಕಡೆ ತಿರುಗಿದರು. ಮುಯ್ಯಾಳಿನ ವಿಷಯ ಹೇಳಲು ಹೋದೆ, ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ ಅನ್ನುವಷ್ಟು ಮಾತ್ರ ಬಂತು. ಅವರಿಗೆ ಅಷ್ಟೇ ಸಾಕಾಯಿತೇನೋ. ಕೂಡಿ ಮಾಡಿದವರನ್ನು ಏನು ಮಾಡಬೇಕು ಅಂತ ನಿಯಮದಲ್ಲಿ ಬರೆದೇ ಇಲ್ಲವಲ್ಲ ಎಂದು ಉಳಿದಿಬ್ಬರನ್ನು ಕೇಳಿದರು. ಇಬ್ಬರೂ ಬೇರೆ ಬೇರೆ ಕೂತು ಹೊಸದಾಗಿ ಬರೆಯಬೇಕು, ಎದುರು ಕೂತು ಪ್ರಶ್ನೆಗೆ ಉತ್ತರ ಕೊಡಬೇಕು ಅಂತ ತೀರ್ಮಾನವಾಯಿತು. ನನ್ನ ಮಗಳದ್ದು ಒಂದು ಸೆಮಿಸ್ಟರ್ ತಡ. ಅದು ನಕಲಿಗಲ್ಲ, ತಂಗಿಯ ಮಗಳ ಮೇಲೆ ಹೇಳಿದ ಸುಳ್ಳಿಗೆ ಎಂದು ಮೇಡಂ ಬಿಡಿಸಿ ಹೇಳಿದರು. ಈಗೀಗ ಅಲ್ಲಿ ಯಾರು ಯಾವ ಕೆಲಸ ಮಾಡಿದರು ಅಂತ ಪ್ರಬಂಧದ ಮೊದಲ ಪುಟದಲ್ಲೇ ಬರೆಯಬೇಕಂತೆ, ವರ್ಷದ ಶುರುವಿನಲ್ಲೇ ಹುಡುಗರನ್ನು ಕೂರಿಸಿ ತಿಳಿಹೇಳುತ್ತಾರಂತೆ. ಒಳ್ಳೆಯದೇ.

ಅವತ್ತು ಬಸ್ಸಿನಲ್ಲಿ ತಂಗಿ, ಅವಳ ಮಗಳು ನಮ್ಮ ಮುಂದಿನ ಸೀಟಿನಲ್ಲಿ ಕೂತರು. ಹುಡುಗಿ ತಾಯಿಯ ಕಿವಿಗೆ ಬಗ್ಗಿ ಒಳಗೆ ನಡೆದದ್ದನ್ನು ಹೇಳುತ್ತಲೇ ಇದ್ದಳು. ತಂಗಿ ಈಗ ತಿರುಗುತ್ತಾಳೆ, ಈಗ ಅಣ್ಣಾ, ನಿನ್ನ ಮಗಳು ಹಿಂಗಾ ಅಂದಿದ್ದು ಅಂತ ಕೇಳುತ್ತಾಳೆ ಅಂದುಕೊಂಡು ಹಿರಿಯೂರು ಬರುವವರೆಗೂ ಅವಳ ಬೆನ್ನನ್ನೇ ನೋಡುತ್ತಾ ಕೂತಿದ್ದೆ. ಅವಳು ತಿರುಗಲಿಲ್ಲ.